ಕ್ಯಾಚ್ ಬ್ಲಾಕ್ ಮಹಾಶಯರಿಗೊಂದು ಬಹಿರಂಗ ಪತ್ರ

ಘನತೆವೆತ್ತ ಕ್ಯಾಚ್ ಬ್ಲಾಕ್ ಮಹಾಶಯರ ಸನ್ನಿಧಾನಕ್ಕೆ,

ಸಾಷ್ಟಾಂಗ ನಮಸ್ಕಾರಗಳು. ಕೋಡ್ ಎಲ್ಲೇ ಎಡವಲಿ, ಬಿದ್ದ ಎಕ್ಸೆಪ್ಷನ್ನನ್ನು ಮೊದಲು ಕೈಯೊಡ್ಡಿ ಹಿಡಿಯುವವರು ತಾವು. ತಾವಿಲ್ಲದಿದ್ದರೆ ಸಣ್ಣದೊಂದು ತಪ್ಪಿಗೇ ಇಡೀ ಪ್ರೋಗ್ರಾಂ ನಿಂತುಹೋಗಬಹುದಿತ್ತು. ಆ ಉಪಕಾರವನ್ನು ನೆನೆದೇ ಈ ಕಾಗದ ಬರೆಯುತ್ತಿದ್ದೇನೆ.

ಮೊನ್ನೆ ರಾತ್ರಿ ಪ್ರೊಡಕ್ಷನ್ ಲಾಗ್ ತೆರೆದಾಗ ತಮ್ಮ ಹಸ್ತಾಕ್ಷರದ ದರ್ಶನವಾಯಿತು: ‘ಸರ್ವಿಸ್ ಎಕ್ಸೆಪ್ಷನ್: ಆರ್ಡರ್ ಉಳಿಸಲಾಗಲಿಲ್ಲ’. ಅದರ ಕೆಳಗೊಂದು ಉದ್ದದ ಸ್ಟ್ಯಾಕ್ ಟ್ರೇಸ್. ಮೊದಲ ಸಾಲಿನಲ್ಲಿದ್ದದ್ದು ತಾವು ಹೊಸ ಎಕ್ಸೆಪ್ಷನ್ ಎಸೆದ ಜಾಗದ ಲೈನ್ ನಂಬರ್. ಕೊನೆಯವರೆಗೆ ಹುಡುಕಿದರೂ ‘ಕಾಸ್ಡ್ ಬೈ’ ಎಂಬ ಸಾಲು ಮಾತ್ರ ಸಿಗಲಿಲ್ಲ. ಆರ್ಡರ್ ಉಳಿದಿಲ್ಲ ಅನ್ನುವುದು ಗ್ರಾಹಕರ ಫೋನ್ ಬಂದಾಗಲೇ ಗೊತ್ತಾಗಿತ್ತು ಸ್ವಾಮಿ. ಕನೆಕ್ಷನ್ ಪೂಲ್ ಖಾಲಿಯಾಗಿತ್ತೋ, ಡೆಡ್‌ಲಾಕ್ ಆಗಿತ್ತೋ, ಡಿಸ್ಕ್ ತುಂಬಿತ್ತೋ, ಯಾರಾದರೂ ಕಾಲಂ ಹೆಸರು ಬದಲಿಸಿದ್ದರೋ, ಅದು ಬೇಕಿತ್ತು. ಅದೆಲ್ಲ ಹಿಂದಿನ ಕ್ಷಣದವರೆಗೂ ತಮ್ಮ ಕೈಯಲ್ಲೇ ಇತ್ತು. ಆಸ್ಪತ್ರೆಗೆ ಕಳಿಸುವಾಗ ಲ್ಯಾಬ್ ರಿಪೋರ್ಟನ್ನು ಹರಿದುಹಾಕಿ, ‘ರೋಗಿಗೆ ಹುಷಾರಿಲ್ಲ’ ಎಂದು ಚೀಟಿ ಬರೆದುಕೊಟ್ಟಂತೆ ತಾವು ನಡೆದುಕೊಂಡಿರಿ.

ಮೊದಲೆಲ್ಲ ತಮಗೂ ಕಷ್ಟವಿತ್ತು, ಒಪ್ಪುತ್ತೇನೆ. ಮೂಲ ದೋಷವನ್ನು ಜೊತೆಗಿಟ್ಟು ಕಳಿಸಲು ಎಲ್ಲ ಎಕ್ಸೆಪ್ಷನ್‌ಗಳಿಗೂ ಒಪ್ಪುವ ಒಂದೇ ವಿಧಾನ ಜಾವಾದಲ್ಲಿ ಇರಲಿಲ್ಲ. 2002ರಲ್ಲಿ ಬಂದ ಜಾವಾ 1.4 ಆ ಸೌಕರ್ಯವನ್ನು ‘ಥ್ರೋಯಬಲ್’ ಕ್ಲಾಸಿಗೇ ಕೊಟ್ಟಿತು. 2008ರ ಪೈಥಾನ್ 3.0ರಲ್ಲಿ ‘ರೈಸ್ ... ಫ್ರಂ’ ಬಂತು. 2019ರಲ್ಲಿ ಗೋ ಭಾಷೆಯ 1.13ನೇ ಆವೃತ್ತಿ ‘ಪರ್ಸೆಂಟ್ ಡಬ್ಲ್ಯು’ ಕೊಟ್ಟಿತು. ಜಾವಾಸ್ಕ್ರಿಪ್ಟ್ ಕೂಡ 2022ರ ಮಾನದಂಡದಲ್ಲಿ ‘ಕಾಸ್’ ಸೇರಿಸಿಕೊಂಡಿತು. ತಮ್ಮ ಅನುಕೂಲಕ್ಕೆಂದು ಇಷ್ಟು ಜನ ಇಷ್ಟು ವರ್ಷ ದುಡಿದಿದ್ದಾರೆ. ಜಾವಾದಲ್ಲಿ ತಮ್ಮಿಂದ ಆಗಬೇಕಾದ ಕೆಲಸ ಇಷ್ಟೇ: ಸಂದೇಶದ ಪಕ್ಕದಲ್ಲಿ ಒಂದು ಅಲ್ಪವಿರಾಮ, ಅದರ ಮುಂದೆ ‘ಇ’ ಎಂಬ ವೇರಿಯಬಲ್.

ಕೆಲವೊಮ್ಮೆ ತಾವು ದೊಡ್ಡ ಮನಸ್ಸು ಮಾಡಿ ‘ಇ’ ಬದಲು ಅದರ ಸಂದೇಶವನ್ನಷ್ಟೇ ವಾಕ್ಯದ ಬಾಲಕ್ಕೆ ಅಂಟಿಸುತ್ತೀರಿ. ಅದಕ್ಕೂ ಋಣಿ. ಆದರೆ ಆ ಸಂದೇಶ ಎಷ್ಟೋ ಸಲ ಬರೀ ‘ನಲ್’ ಆಗಿರುತ್ತದೆ. ಹಳೆಯ ಜಾವಾದ ನಲ್ ಪಾಯಿಂಟರ್ ಎಕ್ಸೆಪ್ಷನ್‌ಗಳ ಕಥೆಯೇ ಅದು. ‘ಆರ್ಡರ್ ಉಳಿಸಲಾಗಲಿಲ್ಲ: ನಲ್’ ಎಂಬುದನ್ನು ಓದಿ ನಾವು ಯಾವ ಫೈಲಿನ ಯಾವ ಸಾಲಿಗೆ ಹೋಗಬೇಕು? ಸಂದೇಶ ಸರಿಯಾಗಿದ್ದರೂ ದೋಷದ ಟೈಪ್ ಹೋಯಿತು, ಸ್ಟ್ಯಾಕ್ ಹೋಯಿತು, ಎರರ್ ಕೋಡ್ ಹೋಯಿತು.

ಆ ಎರರ್ ಕೋಡ್ ವಿಚಾರದಲ್ಲಿ ತಮ್ಮ ಗಮನವನ್ನು ಸ್ವಲ್ಪ ಹೆಚ್ಚಾಗಿಯೇ ಬೇಡುತ್ತೇನೆ. ಮೂಲ ದೋಷ ಬೇಕಿರುವುದು ನಿದ್ದೆಗೆಟ್ಟು ಲಾಗ್ ಓದುವ ಮನುಷ್ಯರಿಗೆ ಮಾತ್ರವಲ್ಲ, ಮೇಲಿನ ಪದರದ ಕೋಡಿಗೂ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 40P01 ಎಂದರೆ ಡೆಡ್‌ಲಾಕ್. ಟ್ರಾನ್ಸಾಕ್ಷನ್ನನ್ನು ಮೊದಲಿನಿಂದ ಮತ್ತೆ ಓಡಿಸಿದರೆ ಬಹುತೇಕ ಕೆಲಸ ಆಗುತ್ತದೆ. 23505 ಎಂದರೆ ಅದೇ ಕೀ ಇರುವ ಸಾಲು ಆಗಲೇ ಇದೆ. ಅದನ್ನೇ ಮತ್ತೆ ಮತ್ತೆ ಕಳಿಸಿ ಪ್ರಯೋಜನವಿಲ್ಲ. ಎರಡನ್ನೂ ತಾವು ಒಂದೇ ‘ಸರ್ವಿಸ್ ಎಕ್ಸೆಪ್ಷನ್’ ಮಾಡಿ ಕಾರಣವನ್ನೂ ಕಿತ್ತುಹಾಕಿದರೆ, ಮೇಲಿನವರು ಎರಡಕ್ಕೂ ರೀಟ್ರೈ ಮಾಡುತ್ತಾರೆ, ಇಲ್ಲವೇ ಎರಡನ್ನೂ ಕೈಬಿಡುತ್ತಾರೆ. ಹಣ ಪಾವತಿಯ ಕೋಡಿನಲ್ಲಿ ಹೀಗಾದರೆ ಪೆಟ್ಟು ಬೀಳುವುದು ಗ್ರಾಹಕರಿಗೆ.

ಸಿ ಶಾರ್ಪ್ ಬಡಾವಣೆಯಲ್ಲಿರುವ ತಮ್ಮ ಬಂಧುಗಳಿಗೂ ನಮಸ್ಕಾರ ತಿಳಿಸಿ. ಬರೀ ‘ಥ್ರೋ’ ಎಂದರೆ ದೋಷ ಹುಟ್ಟಿದ ಜಾಗದ ಗುರುತು ಉಳಿಯುತ್ತಿತ್ತು. ಅವರು ‘ಥ್ರೋ ಇಎಕ್ಸ್’ ಎಂದು ಬರೆದಿದ್ದರಿಂದ ಸ್ಟ್ಯಾಕ್ ಟ್ರೇಸ್ ಅಲ್ಲಿಂದಲೇ ಹೊಸದಾಗಿ ಶುರುವಾಯಿತು.

ಡೇಟಾಬೇಸಿನ ಒಳವಿವರ ಹೊರಗಿನವರಿಗೆ ಕಾಣಬಾರದೆಂಬ ಕಾಳಜಿಯಿಂದ ಹೀಗೆ ಮಾಡಿದೆ ಎನ್ನುತ್ತೀರಿ. ಕಾಳಜಿ ನ್ಯಾಯವಾದದ್ದೇ. ಟೇಬಲ್ ಹೆಸರು, ಸರ್ವರ್ ವಿಳಾಸ ಗ್ರಾಹಕರ ಪರದೆಯ ಮೇಲೆ ಬರಲೇಬಾರದು. ಅದನ್ನು ತಡೆಯಬೇಕಾದದ್ದು ಉತ್ತರ ಹೊರಗೆ ಹೋಗುವ ಕೊನೆಯ ಬಾಗಿಲಿನಲ್ಲಿ. ಅಲ್ಲಿ ಗ್ರಾಹಕರಿಗೆ ಸರಳ ಮಾತು, ಒಂದು ರೆಫರೆನ್ಸ್ ನಂಬರ್ ಕೊಟ್ಟು, ಪೂರ್ತಿ ವಿವರವನ್ನು ಅದೇ ನಂಬರಿನಡಿ ಲಾಗ್‌ನಲ್ಲಿ ಬರೆದರೆ ಗುಟ್ಟೂ ಉಳಿಯುತ್ತದೆ, ಕಾರಣವೂ ಉಳಿಯುತ್ತದೆ. ಸುತ್ತಿಕೊಡುವುದನ್ನು ಬಿಡಿ ಎಂದು ನಾನು ಕೇಳುತ್ತಿಲ್ಲ. ‘ಆರ್ಡರ್ ಉಳಿಸಲಾಗಲಿಲ್ಲ’ ಎಂಬ ತಮ್ಮ ಮಾತಿಗೂ ಬೆಲೆಯಿದೆ. ಯಾವ ಕೆಲಸ ಮಾಡುವಾಗ ಕೆಟ್ಟಿತು ಎಂದು ಅದು ಹೇಳುತ್ತದೆ. ಅದರ ಜೊತೆಗೆ ಆರ್ಡರ್ ನಂಬರ್ ಬರೆದರೆ ಇನ್ನೂ ಉಪಕಾರ.

ಆದ್ದರಿಂದ ತಮ್ಮಲ್ಲಿ ನನ್ನ ವಿಜ್ಞಾಪನೆ: ಹೊಸ ಎಕ್ಸೆಪ್ಷನ್ ಎಸೆಯುವಾಗ ಹಳೆಯದನ್ನು ಅದರೊಳಗೆ ಇಟ್ಟೇ ಎಸೆಯಿರಿ. ಒಂದೇ ದೋಷವನ್ನು ಪ್ರತಿ ಪದರದಲ್ಲೂ ಲಾಗ್ ಮಾಡಬೇಡಿ. ಸಂಭಾಳಿಸುವ ಜಾಗದಲ್ಲಿ ಒಮ್ಮೆ ಪೂರ್ತಿಯಾಗಿ ಬರೆಯಿರಿ. ಕೋಡ್ ರಿವ್ಯೂ ಮಾಡುವ ಗೆಳೆಯರೇ, ಈ ಕಾಗದ ನಿಮಗೂ ಸೇರಿದ್ದು. ಕ್ಯಾಚ್ ಬ್ಲಾಕಿನಲ್ಲಿ ‘ಇ’ ಇಲ್ಲದ ಹೊಸ ಥ್ರೋ ಕಂಡರೆ ದಯವಿಟ್ಟು ಅದಕ್ಕೆ ಒಪ್ಪಿಗೆ ಕೊಡಬೇಡಿ.

ಇಂತಿ ತಮ್ಮ ವಿಧೇಯ,
ರಾತ್ರಿ ಪಾಳಿಯ ಆನ್‌ಕಾಲ್ ಇಂಜಿನಿಯರ್