ಸೌಂಡ್ ಬರಿಸುವ ಮಹಾಶಯ

ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿದ ಕಂಪ್ಯೂಟರುಗಳು ಮಧ್ಯಮ ವರ್ಗದ ಮನೆಗಳ ಹಾಲಿಗೆ ಬಂದು ಕೂತವು. ಅವುಗಳ ಬೆನ್ನಿಗೇ ಒಂದು ಹೊಸ ಬಗೆಯ ಮನುಷ್ಯನೂ ಬಂದ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುತ್ತಿದ್ದ, ಇಲ್ಲವೇ ಸಂಜೆಯ ಹಾರ್ಡ್‌ವೇರ್ ಕೋರ್ಸೊಂದನ್ನು ಮುಗಿಸಿರುತ್ತಿದ್ದ. ಎದುರು ಮನೆಯವರ ಅಕ್ಕನ ಮಗನೋ, ಆಫೀಸಿನ ಗುಮಾಸ್ತರ ತಮ್ಮನೋ ಆಗಿರುತ್ತಿದ್ದ. ಜೇಬಿನಲ್ಲಿ ಒಂದು ಸ್ಟಾರ್ ಸ್ಕ್ರೂಡ್ರೈವರ್, ಕೈಯಲ್ಲಿ ಜಿಪ್ ಇರುವ ಸಿಡಿ ಪೌಚು. ಫ್ಲಾಪಿಯಿಂದ ವೈರಸ್ ತೆಗೆಯುವುದು, ಮೋಡೆಮ್ ಹಾಕಿ ಇಂಟರ್‌ನೆಟ್ ಕೊಡುವುದು, ಎಲ್ಲ ಬರುತ್ತಿತ್ತು. ಆದರೆ ಬೀದಿಯಲ್ಲಿ ಅವನಿಗೆ ಹೆಸರು ತಂದುಕೊಟ್ಟದ್ದು ಒಂದೇ ವಿದ್ಯೆ: ಸೌಂಡ್ ಬರದ ಕಂಪ್ಯೂಟರಿನಲ್ಲಿ ಸೌಂಡ್ ಬರಿಸುವುದು. ಪ್ರಿಂಟರ್ ಕೆಟ್ಟರೆ ಜನ ಅಂಗಡಿಗೆ ಹೊತ್ತೊಯ್ಯುತ್ತಿದ್ದರು. ಸೌಂಡ್ ಹೋದರೆ ಮಾತ್ರ ಈ ಮಹಾಶಯನಿಗೇ ಫೋನು. ಅದು ಅವನ ಬುದ್ಧಿಗೆ ಸಂದ ಗೌರವವೆಂದು ಅವನೂ ನಂಬಿದ್ದ, ಬೀದಿಯೂ ನಂಬಿತ್ತು. ನನಗೆ ಹಾಗನ್ನಿಸುವುದಿಲ್ಲ. ಅವನನ್ನು ದೊಡ್ಡವನನ್ನಾಗಿ ಮಾಡಿದ್ದು ಕಂಪ್ಯೂಟರಿನ ಮೌನ.

ಹೇಗೆಂದರೆ, ಬೇರೆ ಭಾಗಗಳು ಕೆಟ್ಟಾಗ ಏನಾದರೊಂದು ಕುರುಹು ಬಿಡುತ್ತವೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿರುತ್ತದೆ, ಮಾನಿಟರು ಎಲ್ಲವನ್ನೂ ಹಳದಿಯಾಗಿ ತೋರಿಸುತ್ತದೆ, ಮೌಸು ಒಂದೇ ಕಡೆಗೆ ಓಡುತ್ತದೆ. ಸೌಂಡ್ ಹೋದರೆ ಏನೂ ಇಲ್ಲ. ಸ್ಪೀಕರಿನ ಸ್ವಿಚ್ ಹಾಕದಿದ್ದರೂ ಮೌನ, ಪಿನ್ ತಪ್ಪು ತೂತಿನಲ್ಲಿದ್ದರೂ ಮೌನ, ವಾಲ್ಯೂಮ್ ಕಂಟ್ರೋಲಿನಲ್ಲಿ ಯಾರೋ ಮ್ಯೂಟ್ ಟಿಕ್ ಮಾಡಿದ್ದರೂ ಮೌನ, ಡ್ರೈವರ್ ಇಲ್ಲದಿದ್ದರೂ ಮೌನ, ಕಾರ್ಡು ಸ್ಲಾಟಿನಿಂದ ಒಂದು ಎಳೆ ಮೇಲೆದ್ದಿದ್ದರೂ ಅದೇ ಮೌನ. ಹಳೆಯ ಕಾರ್ಡುಗಳ ಹಿಂದಿನ ತೂತುಗಳೆಲ್ಲ ಒಂದೇ ಬಣ್ಣ. ಯಾವುದು ಸ್ಪೀಕರಿಗೆ, ಯಾವುದು ಮೈಕಿಗೆ ಎಂಬುದನ್ನು ತಗಡಿನಲ್ಲಿ ಒತ್ತಿದ ಸಣ್ಣ ಚಿತ್ರಗಳಿಂದ ಊಹಿಸಬೇಕು, ಅದೂ ಗೋಡೆಗೆ ಒತ್ತಿ ಇಟ್ಟ ಡಬ್ಬದ ಹಿಂದೆ ಕತ್ತು ತೂರಿಸಿ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ನೀಲಿ ಲೈನ್-ಇನ್‌ಗೆ ಎಂಬ ಏರ್ಪಾಡನ್ನು ಪಿಸಿ 99 ನಿಯಮಾವಳಿ ಹೇಳಿತಾದರೂ ಅದು ಎಲ್ಲ ಕಾರ್ಡುಗಳಿಗೆ ಇಳಿದು ಬರುವ ಹೊತ್ತಿಗೆ ಬೇಕಾದಷ್ಟು ಕತ್ತುಗಳು ಉಳುಕಿದ್ದವು. ಇನ್ನೊಂದು ವಿಚಿತ್ರವೂ ಉಂಟು. ಎಂಪಿ3 ಹಾಡು ಚೆನ್ನಾಗಿ ಕೇಳುತ್ತದೆ, ಅಂಗಡಿಯಲ್ಲಿ ಕೊಂಡ ಆಡಿಯೊ ಸಿಡಿ ಹಾಕಿದರೆ ಸದ್ದಿಲ್ಲ. ಕಾರಣ, ಸಿಡಿ ಡ್ರೈವಿನಿಂದ ಸೌಂಡ್ ಕಾರ್ಡಿಗೆ ಹೋಗಬೇಕಾದ ಸಪೂರ ವೈರೊಂದನ್ನು ಅಸೆಂಬಲ್ ಮಾಡಿದವನು ಹಾಕಿಯೇ ಇಲ್ಲ. ಸಿಡಿ ಕೆಟ್ಟಿದೆಯೆಂದು ಮನೆಯವರು ಕ್ಯಾಸೆಟ್ ಅಂಗಡಿಯವನ ಜತೆ ಜಗಳವಾಡಿ ಬಂದಿರುತ್ತಾರೆ. ಹೀಗೆ ಹತ್ತು ರೋಗಕ್ಕೆ ಒಂದೇ ಲಕ್ಷಣವಾದಾಗ ಯಾರು ಏನು ಹೇಳಿದರೂ ಸರಿಯೆಂದೇ ತೋರುತ್ತದೆ. ಗಟ್ಟಿಯಾಗಿ ಹೇಳಿದವನೇ ವೈದ್ಯ.

ಅವನ ಪರವಾಗಿ ಹೇಳಬೇಕಾದ್ದನ್ನೂ ಹೇಳಿಬಿಡೋಣ. ಆ ಕಾಲದ ಯಂತ್ರವೇನೂ ಸಾಧುವಾಗಿರಲಿಲ್ಲ. ಕಾರ್ಡಿಗೆ ಪ್ರೊಸೆಸರಿನ ಗಮನ ಬೇಕಾದಾಗ ಸೂಚನೆ ಕಳಿಸುವ ಲೈನಿಗೆ ಐಆರ್‌ಕ್ಯೂ ಎನ್ನುತ್ತಿದ್ದರು. ಇಡೀ ಕಂಪ್ಯೂಟರಿಗೆ ಇದ್ದದ್ದು 0ಯಿಂದ 15ರವರೆಗೆ 16 ಲೈನು. 0 ಟೈಮರಿಗೆ, 1 ಕೀಬೋರ್ಡಿಗೆ, 3 ಮತ್ತು 4 ಸೀರಿಯಲ್ ಪೋರ್ಟುಗಳಿಗೆ, 6 ಫ್ಲಾಪಿಗೆ, 7 ಪ್ರಿಂಟರಿಗೆ, 8 ಗಡಿಯಾರಕ್ಕೆ, 14 ಮತ್ತು 15 ಹಾರ್ಡ್‌ಡಿಸ್ಕು, ಸಿಡಿ ಡ್ರೈವುಗಳಿಗೆ ಎಂದು ಮೊದಲೇ ಹಂಚಿಹೋಗಿ, ಮಿಕ್ಕ ಕೆಲವಲ್ಲಿ ಸೌಂಡ್ ಕಾರ್ಡು, ಮೋಡೆಮ್ಮು, ನೆಟ್‌ವರ್ಕ್ ಕಾರ್ಡು ಎಲ್ಲವೂ ಬಾಳ್ವೆ ಮಾಡಬೇಕಿತ್ತು. ಸಿಂಗಪುರದ ಕ್ರಿಯೇಟಿವ್ ಕಂಪನಿ 1989ರಲ್ಲಿ ಸೌಂಡ್ ಬ್ಲಾಸ್ಟರನ್ನೂ 1992ರಲ್ಲಿ ಸೌಂಡ್ ಬ್ಲಾಸ್ಟರ್ 16ನ್ನೂ ತಂದಮೇಲೆ ಐಆರ್‌ಕ್ಯೂ 5 ಬಹುತೇಕ ಸೌಂಡಿನ ಸ್ವಂತ ಆಸ್ತಿಯಂತಾಯಿತು. ಡಾಸ್ ಬಳಸುವವರು ಆಟೋಎಕ್ಸೆಕ್ ಫೈಲಿನಲ್ಲಿ ‘ಎ220 ಐ5 ಡಿ1 ಎಚ್5 ಪಿ330 ಟಿ6’ ಎಂಬ ಸಾಲನ್ನು ಬರೆಯಬೇಕಿತ್ತು. ಕಾರ್ಡಿನ ವಿಳಾಸ, ಐಆರ್‌ಕ್ಯೂ, ಎರಡು ಡಿಎಂಎ ಚಾನಲ್ಲು, ಮಿಡಿ ಪೋರ್ಟು, ಕಾರ್ಡಿನ ಜಾತಿ, ಎಲ್ಲ ಅದರಲ್ಲಿ ಅಡಕ. ಐದರ ಜಾಗದಲ್ಲಿ ಏಳು ಬಿದ್ದರೆ ಆಟದ ಬಂದೂಕಿನ ಮೊದಲ ಸದ್ದಿನ ಚೂರೊಂದು ಢ ಢ ಢ ಎಂದು ಬಡಿದುಕೊಳ್ಳುತ್ತ ನಿಂತುಬಿಡುತ್ತಿತ್ತು. 1995ರ ವಿಂಡೋಸ್ ಈ ಹಂಚಿಕೆಯನ್ನು ತಾನೇ ಮಾಡುತ್ತೇನೆಂದು ಮುಂದೆ ಬಂತು. ಹೊಸ ಕಾರ್ಡುಗಳು ಅದರ ಮಾತು ಕೇಳಿದವು. ಜಂಪರ್ ಚುಚ್ಚಿ ನಂಬರು ಕೂರಿಸಿದ ಹಳೆಯ ಕಾರ್ಡುಗಳು ಕುಳಿತ ಜಾಗ ಬಿಡಲಿಲ್ಲ. ಇವೆಲ್ಲದರ ನಡುವೆ ನಮ್ಮ ಮಹಾಶಯ ಡಬ್ಬ ಬಿಚ್ಚಿ, ಟಾರ್ಚು ಹಿಡಿದು, ಕಾರ್ಡಿನ ಮೇಲಿನ ದೊಡ್ಡ ಚಿಪ್ಪಿನ ನಂಬರು ಓದಿ, ಪೆಟ್ಟಿಗೆಯ ಮೇಲೆ ಯಾವ ಬ್ರ್ಯಾಂಡಿನ ಹೆಸರಿದ್ದರೂ ಡ್ರೈವರ್ ಬೇಕಾದ್ದು ಈ ಚಿಪ್ಪಿಗೇ ಎಂದು ಕಂಡುಕೊಳ್ಳುತ್ತಿದ್ದನಲ್ಲ, ಅದು ನಿಜವಾದ ಜಾಣತನ. ಅದನ್ನು ಅವನಿಗೆ ಯಾವ ಕೋರ್ಸಿನಲ್ಲೂ ಯಾರೂ ಕಲಿಸಿರಲಿಲ್ಲ.

ಅವನ ಪರ ವಾದ ಇಲ್ಲಿಗೆ ಮುಗಿಯಿತು. ಇನ್ನು ಅವನ ಕಾರ್ಯವಿಧಾನ. ಮನೆಯೊಳಗೆ ಕಾಲಿಟ್ಟವನು ಮೊದಲು ಸ್ಪೀಕರಿನ ಸ್ವಿಚ್ ನೋಡಬೇಕು, ಆಮೇಲೆ ಪಿನ್ನು, ಆಮೇಲೆ ಮ್ಯೂಟು. ಸುಲಭದ್ದರಿಂದ ಕಷ್ಟದ್ದಕ್ಕೆ, ಒಂದೊಂದನ್ನೇ ಬದಲಾಯಿಸುತ್ತ ಹೋದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುತ್ತದೆ. ಹೈಸ್ಕೂಲಿನ ವಿಜ್ಞಾನದ ಪ್ರಯೋಗವೂ ಇಷ್ಟನ್ನೇ ಕೇಳುತ್ತದೆ. ಈತ ತಲೆಕೆಳಗು. “ಏನ್ ಮಾಡಿದ್ರಿ ಆಂಟಿ?” ಎಂಬುದು ಮೊದಲ ಪ್ರಶ್ನೆ. “ಏನೂ ಮಾಡಿಲ್ಲಪ್ಪ, ತಾನಾಗೇ ನಿಂತ್ಹೋಯ್ತು.” “ತಾನಾಗೇ ನಿಲ್ಲಲ್ಲ ಆಂಟಿ, ಯಾರೋ ಮುಟ್ಟಿರ್ತಾರೆ.” ಹೀಗೆ ಎಫ್‌ಐಆರ್ ದಾಖಲಾದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದು ಹಳದಿ ಆಶ್ಚರ್ಯಸೂಚಕ ಚಿಹ್ನೆಯನ್ನು ಮನೆಯವರಿಗೆಲ್ಲ ತೋರಿಸುತ್ತಾನೆ. ಅದಾದ ಬಳಿಕ ಎಲ್ಲವೂ ಒಟ್ಟಿಗೇ. ಇದ್ದ ಡ್ರೈವರ್ ಕಿತ್ತ, ಕಾರ್ಡನ್ನು ಪಕ್ಕದ ಸ್ಲಾಟಿಗೆ ಬದಲಾಯಿಸಿದ, ಬಯಾಸ್‌ಗೆ ಹೋಗಿ ಏನನ್ನೋ ಡಿಸೇಬಲ್ ಮಾಡಿದ, ತನ್ನ ಪೌಚಿನ ಸಿಡಿಯಿಂದ ಬೇರೆ ಡ್ರೈವರ್ ಹಾಕಿದ, ವಿಂಡೋಸ್ 98 ಸಿಡಿ ಕೇಳಿದಾಗ ಅದನ್ನೂ ತುರುಕಿದ, ಮಾತಿನ ಭರದಲ್ಲಿ ಹಿಂದೆ ಕೈ ಹಾಕಿ ಪಿನ್ನನ್ನೂ ಕಿತ್ತು ಚುಚ್ಚಿದ. ರೀಸ್ಟಾರ್ಟ್. ಸೌಂಡ್ ಬಂತು! ಈ ಆರರಲ್ಲಿ ಯಾವುದು ಕೆಲಸ ಮಾಡಿತು? ಅವನಿಗೆ ಗೊತ್ತಿಲ್ಲ. ಬಹುಶಃ ಪಿನ್ನು. ಆದರೆ ಬಂದದ್ದು ಬಂತು, ಬಂದಮೇಲೆ ಕಾರಣ ಕೇಳುವುದು ಅಪಶಕುನ. ಅವನ ಕೀರ್ತಿಗೆ ಒಂದು ಗೆಲುವು ಕೂಡಿತು, ಅವನ ತಿಳಿವಳಿಕೆಗೆ ಏನೂ ಕೂಡಲಿಲ್ಲ. ಹಾಗಾಗಿ ಮುಂದಿನ ಮನೆಯಲ್ಲೂ ಆರನ್ನೂ ಮಾಡಲೇಬೇಕು. ಆರಕ್ಕೂ ಬಗ್ಗದಿದ್ದರೆ ಕೊನೆಯ ಅಸ್ತ್ರವಿದೆ: “ಫಾರ್ಮ್ಯಾಟ್ ಮಾಡ್ಬಿಡೋಣ ಅಂಕಲ್, ನೀಟಾಗಿರತ್ತೆ.” ಸಿ ಡ್ರೈವ್ ಖಾಲಿಯಾಗಿ, ಅದರಲ್ಲಿದ್ದ ಬರಹ, ನುಡಿ ತಂತ್ರಾಂಶಗಳೂ ಫಾಂಟುಗಳೂ ಹೋಗಿ, ಡಿ ಡ್ರೈವಿನಲ್ಲಿ ಉಳಿದುಕೊಂಡ ಕನ್ನಡ ಕಡತಗಳೆಲ್ಲ ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತವೆ. ಅಂಕಲ್‌ಗೆ ಹಾಡು ಸಿಕ್ಕಿತು, ಮಗಳ ಮದುವೆ ಆಹ್ವಾನಪತ್ರದ ಕರಡು ಯಾವ ಭಾಷೆಯಲ್ಲೂ ಇಲ್ಲ. ಇಷ್ಟು ವಿವರ ನಿಮಗೆ ಹೇಗೆ ಗೊತ್ತು ಎಂದು ಓದುಗರು ದಯವಿಟ್ಟು ಕೇಳಬಾರದು.

ಇದನ್ನೂ ಸಹಿಸಬಹುದು. ಸಹಿಸಲಾಗದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಅವನು ಹೇಳುವ ಮಾತು: “ಇನ್ನು ಯಾರೂ ಏನೂ ಮುಟ್ಬೇಡಿ.” ಯೋಚಿಸಿ ನೋಡಿ, ಹಣ ಕೊಟ್ಟು ಕೊಂಡವರಿಗೆ ಅವರದೇ ಮನೆಯಲ್ಲಿ ಈ ಆಜ್ಞೆ. ಅಂದಿನಿಂದ ಕಂಪ್ಯೂಟರಿಗೆ ಮಡಿ ಉಡಿಸಿದಂತಾಗುತ್ತದೆ. ಮಕ್ಕಳು ಕಂಟ್ರೋಲ್ ಪ್ಯಾನೆಲ್ ತೆರೆದರೆ ಬೈಗುಳ. ಅಮ್ಮ ಧೂಳು ಒರೆಸುವುದನ್ನು ಬಿಟ್ಟರು, ಏಕೆಂದರೆ ಒರೆಸಿದಾಗ ಪಿನ್ ಅಲುಗಿದರೆ? ಡಬ್ಬದ ಪಕ್ಕದ ಮುಚ್ಚಳವನ್ನು ಅವನು ಹಾಕಿರುವುದಿಲ್ಲ, “ಗಾಳಿ ಆಡ್ಲಿ” ಎಂದಿದ್ದಾನೆ. ಮಿಕ್ಕ ಎರಡು ಸ್ಕ್ರೂಗಳನ್ನು ಅಪ್ಪ ಕನ್ನಡಕದ ಡಬ್ಬಿಯಲ್ಲಿ ಎತ್ತಿಟ್ಟಿದ್ದಾರೆ. ವಾಲ್ಯೂಮ್ ಕೂಡ ಅವನು ಇಟ್ಟುಹೋದ ಮಟ್ಟದಲ್ಲೇ ಇರಬೇಕು ಎಂಬ ಮನೆಗಳಿದ್ದವು. ಅವನಾದರೂ ಇದನ್ನು ದುರುದ್ದೇಶದಿಂದ ಹೇಳುತ್ತಿದ್ದನೆ? ಇಲ್ಲ. ತಾನೇ ಅರಿಯದ ಕಾರಣದಿಂದ ಸರಿಯಾದದ್ದು ತಾನೇ ಅರಿಯದ ಕಾರಣದಿಂದ ಮತ್ತೆ ಕೆಡಬಹುದು ಎಂಬ ಭಯ ಅವನಿಗೇ ಇತ್ತು. ನಮಗೆ ಹಾಕಿದ ನಿಷೇಧದ ಅಡಿಯಲ್ಲಿ ಇದ್ದದ್ದು ಅವನ ಸ್ವಂತ ನಡುಕ. ಮೌನದಿಂದ ಹುಟ್ಟಿದ ಅಧಿಕಾರ ಸದ್ದು ಬಂದಮೇಲೂ ಹೀಗೆ ಮುಂದುವರಿಯಿತು.

ಇಲ್ಲಿ ಕೆಲವರು ತಕರಾರು ಎತ್ತುತ್ತಾರೆ. ಬಿಟ್ಟಿಯಾಗಿ ಬಂದು, ಒಂದು ಲೋಟ ಕಾಫಿ ಕುಡಿದು ಹೋಗುತ್ತಿದ್ದ ಹುಡುಗನ ಮೇಲೆ ಇಷ್ಟು ಸಿಟ್ಟೇಕೆ? ತಪ್ಪು ಸಾಫ್ಟ್‌ವೇರ್ ಮಾಡಿದವರದಲ್ಲವೆ? 1998ರ ಏಪ್ರಿಲ್‌ನಲ್ಲಿ ಶಿಕಾಗೋದ ಕಾಮ್ಡೆಕ್ಸ್ ಮೇಳದಲ್ಲಿ ಸ್ವತಃ ಬಿಲ್ ಗೇಟ್ಸ್ ಎದುರಿಗೆ, ತುಂಬಿದ ಸಭೆಯಲ್ಲಿ, ವಿಂಡೋಸ್ 98ಕ್ಕೆ ಒಂದು ಸ್ಕ್ಯಾನರ್ ಚುಚ್ಚಿ ತೋರಿಸಲು ಹೋದಾಗ ನೀಲಿ ಪರದೆ ಬಂದು ಕೂತಿತಲ್ಲ, ತಯಾರಿಸಿದವರ ಪಾಡೇ ಹೀಗಾದರೆ ಬಡಾವಣೆಯ ಹುಡುಗ ಏನು ಮಾಡಿಯಾನು? ಒಪ್ಪಬೇಕಾದ ಮಾತು. ಆದರೆ ಆ ಸಭೆಯಲ್ಲಿ ಗೇಟ್ಸ್ ನಕ್ಕು, ಇದಕ್ಕೇ ನಾವಿದನ್ನು ಇನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲ ಎಂಬರ್ಥದ ಮಾತಾಡಿದರು. ಮುಂದಿನ ಸಾಲಿನವರತ್ತ ತಿರುಗಿ ‘ನೀವೇನಾದ್ರೂ ಮುಟ್ಟಿದ್ರಾ?’ ಎನ್ನಲಿಲ್ಲ. ಬಿಟ್ಟಿ ಸೇವೆ ಎಂಬುದಕ್ಕೂ ಉತ್ತರವಿದೆ. ದುಡ್ಡು ತೆಗೆದುಕೊಳ್ಳುವ ಮೆಕ್ಯಾನಿಕ್ಕನ್ನು ‘ಏನಾಗಿತ್ತು?’ ಎಂದು ಕೇಳುವ ಹಕ್ಕು ನಮಗಿರುತ್ತದೆ. ಬಿಟ್ಟಿ ಬಂದವನನ್ನು ಕೇಳಲು ದಾಕ್ಷಿಣ್ಯ. ಆ ಕಾಫಿಯ ಲೆಕ್ಕದಲ್ಲಿ ನಮ್ಮ ಪ್ರಶ್ನೆಗಳನ್ನೂ ಅವನು ಕುಡಿದುಹೋದ.

ಲಿನಕ್ಸ್ ಬಳಸುವ ಉಪಜಾತಿಯೊಂದಿತ್ತು, ಅದನ್ನು ಬೇಗ ಮುಗಿಸಬಹುದು, ಏಕೆಂದರೆ ಅವರನ್ನು ಮನೆಗೆ ಕರೆದವರು ಕಡಿಮೆ. ಅವರು ಕರ್ನಲ್ಲನ್ನೇ ಮತ್ತೆ ಕಂಪೈಲ್ ಮಾಡಿ, ಸೌಂಡಿಗೆಂದೇ ಇದ್ದ ಆಲ್ಸಾ ಹಾಕಿ, ರಾತ್ರಿ ಹನ್ನೆರಡಕ್ಕೆ ನೋಡಿದರೆ ಮೌನವೇ. ಆಲ್ಸಾ ಹೊಸದಾಗಿ ಬಂದಾಗ ಎಲ್ಲ ಚಾನಲ್ಲುಗಳನ್ನೂ ಮ್ಯೂಟ್ ಮಾಡಿಯೇ ಕೊಡುತ್ತಿತ್ತು. ಆಲ್ಸಾಮಿಕ್ಸರ್ ತೆರೆದು ಎಂ ಒತ್ತಿದ್ದರೆ ಆಗುತ್ತಿತ್ತು. ಆದರೂ ಇವರ ಬಗ್ಗೆ ನನಗೆ ಮೆಚ್ಚುಗೆಯಿದೆ. ಏನು ಮಾಡಿದೆವೆಂದು ಬರೆದಿಡುತ್ತಿದ್ದರು. ಮೆಚ್ಚುಗೆಯೆಂದರೆ ದೂರದ ಮೆಚ್ಚುಗೆ. ಬರೆದದ್ದನ್ನು ಓದಿಯೂ ತೋರಿಸುತ್ತಿದ್ದರು.

ಇಂಟೆಲ್ 1997ರಲ್ಲಿ ಎಸಿ’97 ಎಂಬ ಮಾನದಂಡ ತಂದಿತು, ಸೌಂಡ್ ನಿಧಾನವಾಗಿ ಮದರ್‌ಬೋರ್ಡಿನೊಳಗೇ ಸೇರಿತು. 2004ರಲ್ಲಿ ಎಚ್‌ಡಿ ಆಡಿಯೊ ಬಂತು, ವಿಂಡೋಸ್ ವಿಸ್ತಾದ ಹೊತ್ತಿಗೆ ಅದರ ಸಾಮಾನ್ಯ ಡ್ರೈವರ್ ವಿಂಡೋಸಿನಲ್ಲೇ ಇರತೊಡಗಿತು. ಕಾರ್ಡು ಹೋಯಿತು, ಸಿಡಿ ಹೋಯಿತು, ಸಿಡಿ ಹಾಕುವ ಡ್ರೈವೂ ಹೋಯಿತು. ಜತೆಗೆ, ರಾತ್ರಿ ಊಟದ ಹೊತ್ತಿಗೆ ಟಿವಿಎಸ್ ಫಿಫ್ಟಿ ನಿಲ್ಲಿಸಿ ಒಳಬರುತ್ತಿದ್ದವನಿಗೆ ‘ಮೊದ್ಲು ಕೈ ತೊಳ್ಕೊಂಡು ಬಾರೋ, ಒಂದು ತುತ್ತು ತಿನ್ನು’ ಎನ್ನುವುದೂ ಹೋಯಿತು. ಸಂಗೀತಗಾರ ಬ್ರಯಾನ್ ಈನೊ ವಿಂಡೋಸ್ 95ಕ್ಕೆಂದು ಕಟ್ಟಿದ ಆ ಪುಟ್ಟ ಆರಂಭದ ನಾದ ಸ್ಪೀಕರಿನಿಂದ ಹೊಮ್ಮಿದಾಗ ಅಡುಗೆಮನೆಯಿಂದ, ಜಗುಲಿಯಿಂದ ಎಲ್ಲರೂ ಬಂದು ಸೇರುತ್ತಿದ್ದರು. ಕೇಳಿ ಕೇಳಿ ಸಾಕಾದ ಸದ್ದಿಗೆ ಹಾಗೆ ಯಾರು ಬಂದು ನಿಲ್ಲುತ್ತಾರೆ? ಬಾರದೆ ಇದ್ದು ಬಂದದ್ದರಿಂದಲೇ ಅದು ಸಂಗೀತವಾಗಿತ್ತು. ಅದನ್ನು ತರಿಸಿದವನು ಅವನು ಎಂಬುದನ್ನು, ಹೇಗೆ ತರಿಸಿದನೆಂದು ಅವನಿಗೇ ತಿಳಿಯದಿದ್ದರೂ, ಅಲ್ಲಗಳೆಯುವುದು ನ್ಯಾಯವಲ್ಲ.

ಹಾಗೆಂದು ಈ ಜಾತಿ ಅಳಿಯಿತು ಎಂದುಕೊಂಡವರು ಆನ್‌ಲೈನ್ ಸಭೆಗಳಿಗೆ ಹೋಗಿಲ್ಲವೆಂದು ಅರ್ಥ. ಬ್ಲೂಟೂತ್ ಬೇರೆ ಕೋಣೆಯ ಸ್ಪೀಕರಿಗೆ ಅಂಟಿಕೊಂಡಿದ್ದರೂ ಮೌನ, ಬ್ರೌಸರಿಗೆ ಮೈಕಿನ ಅನುಮತಿ ಕೊಡದಿದ್ದರೂ ಮೌನ, ಭಾಷಣಕಾರರು ಮ್ಯೂಟ್ ತೆಗೆಯದಿದ್ದರೂ ಮೌನ. ರೋಗ ಅದೇ ಆದಮೇಲೆ ವೈದ್ಯನೂ ಅವನೇ. ಈಗ ಕೂದಲು ನರೆತಿದೆ, ಯಾವುದೋ ಕಂಪನಿಯಲ್ಲಿ ದೊಡ್ಡ ಹುದ್ದೆಯಿದೆ, ಮಧ್ಯೆ ಬಾಯಿ ಹಾಕುತ್ತಾನೆ: “ಸಾರ್, ಒಂದ್ಸಲ ಲೆಫ್ಟ್ ಆಗಿ ಮತ್ತೆ ಜಾಯಿನ್ ಆಗಿ.” ನಿವೃತ್ತ ಪ್ರಾಧ್ಯಾಪಕರು ಹೊರಗೆ ಹೋಗುತ್ತಾರೆ, ಒಳಗೆ ಬರುತ್ತಾರೆ, ಅಷ್ಟರಲ್ಲಿ ಅವರ ಮೊಮ್ಮಗಳು ಬಂದು ಇಯರ್‌ಫೋನನ್ನು ಇನ್ನಷ್ಟು ಒಳಗೆ ಒತ್ತಿರುತ್ತಾಳೆ, ದನಿ ಕೇಳುತ್ತದೆ. ಸಭೆಯವರೆಲ್ಲ ಅವನಿಗೆ ಹೆಬ್ಬೆರಳೆತ್ತುತ್ತಾರೆ. ಮೊಮ್ಮಗಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು, “ಈಗ ಸರಿಯಾಗಿದೆ ಸಾರ್, ಹಾಗೇ ಬಿಟ್ಬಿಡಿ” ಎಂದ.