ಪೀ... ಪೀ... ರಥದಿಂದ ಇಳೀರಿ!

ಹಂಪಿಯ ವಿಜಯ ವಿಠ್ಠಲ ದೇವಸ್ಥಾನದಲ್ಲಿ ಕಂಬಗಳು ನಾದ ಹೊಮ್ಮಿಸುತ್ತವೆ ಎಂದು ಯಾರಾದರೂ ಹೇಳಿದರೆ ನಂಬಿ ಹೊರಡಬೇಡಿ. ಈಗ ಅಲ್ಲಿ ಕೇಳುವ ವಾದ್ಯ ಗಾರ್ಡಿನ ಸೀಟಿ ಒಂದೇ. ಬಂದಬಂದವರೆಲ್ಲ ಸರಿಗಮ ಕಂಬಗಳನ್ನು ಬಡಿದೂ ಬಡಿದೂ ಕೊನೆಗೆ ಅವನ್ನು ಮುಟ್ಟುವುದೇ ನಿಷಿದ್ಧವಾಯಿತು. ಸರಿಗಮ ಮುಗಿಸಿ ನೇರ ‘ಪೀ’ಗೆ ಬಂದಿದ್ದೇವೆ.

ಎದುರಿಗೇ ಕಲ್ಲಿನ ರಥ. ಅದರ ಗಾಲಿಗಳು ಹಿಂದೆ ತಿರುಗುತ್ತಿದ್ದವಂತೆ. ತಿರುಗುವುದನ್ನು ಕಂಡ ಮೇಲೆ ತಿರುಗಿಸದೆ ಬಿಡುವ ಜಾಯಮಾನವೇ ನಮ್ಮದು? ಸವೆದು ಹೋದಾವೆಂದು ಅವನ್ನು ಬಿಗಿ ಮಾಡಿದರು. ಗಾಲಿ ತಿರುಗದಿದ್ದರೇನು, ಮೆಟ್ಟಿಲಾಯಿತಲ್ಲ! ಜನ ಅದನ್ನೇ ಹತ್ತಿ ನಿಂತು ಫೋಟೊ ತೆಗೆಸಿಕೊಂಡರು. 2020ರಲ್ಲಿ ರಥದ ಸುತ್ತ ಬೇಲಿ ಬಂತು. ಈಗ ಕೌಂಟರಿನಲ್ಲಿ ನೀವು 50 ರೂಪಾಯಿಯ ನೋಟು ಚಾಚುತ್ತೀರಿ; ಅದರ ಬೆನ್ನ ಮೇಲೆ ಇದೇ ರಥ. 40 ರೂಪಾಯಿಯ ಟಿಕೆಟ್ಟು, ಹತ್ತು ಚಿಲ್ಲರೆ ಕೈಗೆ ಬರುತ್ತದೆ. ಒಳಗೆ ಹೋಗಿ ಬೇಲಿಯಾಚೆ ಕತ್ತು ಉದ್ದ ಮಾಡುವಾಗ ಹೊಳೆಯುತ್ತದೆ: ನೋಟಿನಲ್ಲಾದರೆ ರಥವನ್ನು ಮುಟ್ಟಿಯೂ ನೋಡಬಹುದಿತ್ತು.

ನಮ್ಮ ಸ್ಮಾರಕಗಳ ಬಾಗಿಲಲ್ಲಿ ಬ್ಯಾಗಿನ ಜಿಪ್ಪು ಎಳೆಸಿ ಅಜ್ಜಿಯ ಚಕ್ಕುಲಿ ಡಬ್ಬಿಯನ್ನು ಪತ್ತೆ ಹಚ್ಚುವ ಕಣ್ಣಿಗೆ, ಮೊಮ್ಮಗನ ಕೈಲಿರುವ ಬೈಕಿನ ಕೀ ಕಾಣುವುದಿಲ್ಲ. ಕೋಟೆಯೋ ಗುಮ್ಮಟವೋ, ನಾಡಿನ ಪ್ರೇಮಿಗಳು ಶಾಸನ ಬರೆದಿರುವುದು ಆ ಕೀಯಿಂದಲೇ. ಹಿಂದಿನ ಅರಸರು ಭೂಮಿ ಕೊಟ್ಟು ಕಲ್ಲು ಕೆತ್ತಿಸಿದರು, ಇವರು ಹೃದಯ ಕೊಟ್ಟು ಕೆತ್ತುತ್ತಾರೆ, ಬಾಣ ಸಮೇತ. ಸ್ಮಾರಕ ರಕ್ಷಣೆಯ 1958ರ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಗಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ. ಅದನ್ನು ತಿಳಿಸುವ ಫಲಕವೂ ಇದೆ. ಗೀಚಲು ಅದೂ ಒಳ್ಳೆಯ ಜಾಗ.

2019ರಲ್ಲಿ ನಾಲ್ವರು ಯುವಕರು ಹಂಪಿಯಲ್ಲಿ ಕಂಬ ನೂಕಿ ಕೆಡವಿದ್ದು ನೆನಪಿರಬಹುದು. ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿ ದೇಶ ಸುತ್ತಿದ ಮೇಲೆ ಎಲ್ಲರಿಗೂ ಭದ್ರತೆಯ ನೆನಪಾಯಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಈ ಊರಿಗೆ 1565ರಿಂದಲೂ ಹೊಸದಲ್ಲ, ಬಿಡಿ. ನ್ಯಾಯಾಲಯ ತಲಾ 70 ಸಾವಿರ ದಂಡ ಹಾಕಿ, ಬೀಳಿಸಿದ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ನನ್ನನ್ನು ಕೇಳಿದರೆ, ಸಾವಿರ ಕ್ಯಾಮೆರಾಗಳಿಗಿಂತ ಆ ಬೆವರು ಮೇಲು.

ಗಾರ್ಡನ್ನು ದೂರಬೇಡಿ, ಪಾಪ. ರಾಯರು ಸೈನ್ಯ ಇಟ್ಟು ಕಾದ ರಾಜಧಾನಿಯನ್ನು ನಾವು ಅವನ ಕೈಗೊಂದು ಕೋಲು, ಬಾಯಿಗೊಂದು ಸೀಟಿ ಕೊಟ್ಟು ಕಾಯಲು ಬಿಟ್ಟಿದ್ದೇವೆ.

ವಿರೂಪಾಕ್ಷನ ರಥಬೀದಿಯ ಸಾಲುಮಂಟಪದಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ಸ್ಮಾರಕ ಉಳಿಸುವ ಹೆಸರಿನಲ್ಲಿ ಎಬ್ಬಿಸಿದರು. ಹಂಚು, ತಗಡು, ತೊಟ್ಟಿಲು ಎಲ್ಲ ಹೊರಗೆ ಬಿತ್ತು; ಕಲ್ಲುಗಳಿಗೆ ಏಕಾಂತ ಸಿಕ್ಕಿತು. 2024ರ ಮೇ ತಿಂಗಳಲ್ಲಿ ಸುರಿದ ಮಳೆಗೆ ಅದೇ ಸಾಲಿನ ಒಂದು ಭಾಗ ಕುಸಿದು ಮಲಗಿತು. ಮಳೆ ಟಿಕೆಟ್ಟು ಕೊಂಡಿರಲಿಲ್ಲ, ಬ್ಯಾಗು ತಂದಿರಲಿಲ್ಲ, ಸೀಟಿಗೂ ಬಗ್ಗಲಿಲ್ಲ. ‘ಮುಟ್ಟಬೇಡಿ’ ಎಂಬ ಫಲಕವನ್ನು ಅಷ್ಟು ವರ್ಷ ಚಾಚೂ ತಪ್ಪದೆ ಪಾಲಿಸಿದವರು ಯಾರೆಂದರೆ, ಮಂಟಪವನ್ನು ದುರಸ್ತಿ ಮಾಡಬೇಕಿದ್ದವರು.