ಡಾಲರ್ ಇಳಿಯಲಿ ಎನ್ನುವ ರಾಯರು

ಚೆನ್ನೈ ಕನ್ನಡಿಗರಲ್ಲಿ ಆಫೀಸ್ ಫೋನಿನ ಕೆಲಸ ಮಾಡುವವರು ನಾಲ್ಕು ಜನ ಸೇರಿದರೆ ಅವರಲ್ಲೊಬ್ಬ ರಾಯರಿರುತ್ತಾರೆ. ಇನಿಷಿಯಲ್ ಬೇರೆಯಾದೀತು, ರಾಯರು ಮಾತ್ರ ಅವರೇ. ಮನೆ ವೆಸ್ಟ್ ಮಾಂಬಲಂ, ಕಚೇರಿ ಓಎಂಆರ್, ಬ್ಯಾಗಿನಲ್ಲಿ ಸದಾ ಫೋನಿನ ತಂತಿ ಕೂರಿಸುವ ಒಂದು ಕ್ರೋನ್ ಟೂಲು. ಆಫೀಸಿನೊಳಗಿನ ಫೋನ್ ಎಕ್ಸ್‌ಚೇಂಜಾದ ಇಪಿಎಬಿಎಕ್ಸ್ ಕಾಲದಲ್ಲಿ ಕೆಲಸ ಕಲಿತವರು. ಆಮೇಲೆ ಫೋನು ತನ್ನ ತಂತಿ ಬಿಟ್ಟು ಕಂಪ್ಯೂಟರಿನ ನೆಟ್‌ವರ್ಕಿಗೆ ಹಾರಿತು. ‘ಪ್ರಮೋಷನ್ ಬೇಕಾದರೆ ಒಂದು ಸರ್ಟಿಫಿಕೇಷನ್ ಮಾಡಿಕೊಳ್ಳಿ’ ಎಂದರು ಮ್ಯಾನೇಜರು. ಅಂದಿನಿಂದ ರಾಯರು ಯಾವುದನ್ನು ಮಾಡುವುದೆಂದು ಆರಿಸುತ್ತಿದ್ದಾರೆ.

ಮೊದಲು ಕಣ್ಣು ಬಿದ್ದದ್ದು ಸಿಸ್ಕೋದ ಸಿಸಿಎನ್‌ಎ ವಾಯ್ಸ್ ಮೇಲೆ. ಫೀ ಡಾಲರಿನಲ್ಲಿ. ಆ ಹೊತ್ತಿಗೆ, 2013ರ ಆಗಸ್ಟಿನಲ್ಲಿ, ಡಾಲರ್ 68 ರೂಪಾಯಿ ದಾಟಿತು. ‘ಐವತ್ತಕ್ಕೆ ಇಳಿಯಲಿ, ಕಟ್ಟೋಣ’ ಎಂದರು ರಾಯರು. ಕಾಯುತ್ತಿದ್ದಂತೆ ವಾಯ್ಸ್ ಹೋಗಿ ಸಿಸಿಎನ್‌ಎ ಕೊಲಾಬರೇಷನ್ ಬಂತು. ಹೊಸ ಪುಸ್ತಕದ ಜೆರಾಕ್ಸ್ ಮಾಡಿಸಿ, ಸ್ಪೈರಲ್ ಬೈಂಡ್ ಹಾಕಿಸಿ, ಮತ್ತೆ ಡಾಲರಿಗೆ ಕಾದರು. 2020ರ ಫೆಬ್ರುವರಿ 24ರಂದು ಸಿಸ್ಕೋ ಬಗೆಬಗೆಯ ಸಿಸಿಎನ್‌ಎಗಳನ್ನು ಕೂಡಿಸಿ ಒಂದೇ ಮಾಡಿತು. ಫೋನಿನದೇ ಬೇಕೆಂದರೆ ಇನ್ನು ಸಿಸಿಎನ್‌ಪಿ: ಎರಡು ಪರೀಕ್ಷೆ, ಒಂದಕ್ಕೆ 400 ಡಾಲರ್, ಇನ್ನೊಂದಕ್ಕೆ 300, ಅದರ ಮೇಲೆ ತೆರಿಗೆ, ಆಯುಸ್ಸು ಮೂರು ವರ್ಷ. ರಾಯರು ಕ್ಯಾಲ್ಕುಲೇಟರ್ ಒತ್ತಿ, ‘ಈ ದುಡ್ಡಿಗೆ ಮೆಸ್ಸಿನಲ್ಲಿ ಮೂರು ವರ್ಷ ದಿನಾ ಒಂದು ಪೊಡಿ ದೋಸೆ ಬರುತ್ತೆ ಕಣ್ರೀ, ಅದನ್ನು ಯಾರೂ ರಿನ್ಯೂ ಮಾಡಿಸಿ ಅನ್ನಲ್ಲ’ ಎಂದರು.

ಮೈಕ್ರೋಸಾಫ್ಟಿನ ಟೀಮ್ಸ್ ಫೋನಿಗೂ ಒಂದು ಪರೀಕ್ಷೆಯಿದೆ, ಎಂಎಸ್-721. ವರ್ಷಕ್ಕೊಮ್ಮೆ ನವೀಕರಿಸಬೇಕು, ಆದರೆ ನವೀಕರಣ ಪುಕ್ಕಟೆ ಎಂದು ಕೇಳಿ ರಾಯರ ಮುಖ ಅರಳಿತು. ‘ಹಾಗಾದರೆ ನೇರ ರಿನ್ಯೂವಲ್ಲೇ ಬರೆದರೆ ಆಗಲ್ವಾ?’ ಆಗದೆಂದ ಮೇಲೆ ಕಣ್ಣು ಹೋದದ್ದು ಐಐಟಿಗಳ ಆನ್‌ಲೈನ್ ಪಾಠಗಳಿರುವ ಎನ್‌ಪಿಟಿಇಎಲ್ ಕಡೆ. ಪಾಠ ಪುಕ್ಕಟೆ, ಪರೀಕ್ಷೆಗೆ ಸಾವಿರ ರೂಪಾಯಿ, ಮೇಲೆ ಐಐಟಿಯ ಮುದ್ರೆ. ಅಲ್ಲಿ ನೆಟ್‌ವರ್ಕಿಂಗ್ ಸಿಗುತ್ತದೆ, ಆಫೀಸ್ ಫೋನಿನ ಮಾತು ಕಡಿಮೆ. ಅದಕ್ಕೆ ಸಾವಿರ ಜಾಸ್ತಿ ಎಂದು ತೀರ್ಮಾನವಾಯಿತು.

ರಾಯರ ಇಷ್ಟದೈವ ಮಾರ್ಕ್ ಸ್ಪೆನ್ಸರ್. ಈ ಅಮೆರಿಕದ ಹುಡುಗ 1999ರಲ್ಲಿ ತನ್ನ ಪುಟ್ಟ ಕಂಪನಿಗೆ ಪಿಬಿಎಕ್ಸ್ ಎಂಬ ಫೋನ್ ಎಕ್ಸ್‌ಚೇಂಜ್ ಕೊಳ್ಳಲು ದುಡ್ಡು ಸಾಲದೆ, ತಾನೇ ಕೂತು ಆಸ್ಟರಿಸ್ಕ್ ಎಂಬ ಸಾಫ್ಟ್‌ವೇರ್ ಬರೆದು ಊರಿಗೆಲ್ಲ ಹಂಚಿದ. ‘ನೋಡಿ, ಜಿಪುಣತನದಿಂದ ಹುಟ್ಟಿದ ವಿದ್ಯೆ!’ ಎಂದು ರಾಯರು ಕೈ ಮುಗಿಯುತ್ತಾರೆ. ಬರೀ ಕೈ ಮುಗಿದದ್ದಲ್ಲ. ರಿಚಿ ಸ್ಟ್ರೀಟಿನಲ್ಲಿ ಗಂಟೆಗಟ್ಟಲೆ ಚೌಕಾಸಿ ಮಾಡಿ ತಂದ ಹಳೆಯ ಪಿಸಿಯಲ್ಲಿ ಆಸ್ಟರಿಸ್ಕ್ ಕೂರಿಸಿ, ಹಾಲ್, ಅಡುಗೆಮನೆ, ದೇವರಮನೆಗೆ ಎಕ್ಸ್‌ಟೆನ್ಶನ್ ಕೊಟ್ಟಿದ್ದಾರೆ. ಕಾಫಿಗೆ 102. ಅಡುಗೆಮನೆಯ ಉತ್ತರ ಮಾತ್ರ ಫೋನಿನ ಸಹಾಯವಿಲ್ಲದೆಯೇ ಹಾಲ್‌ಗೆ ಕೇಳಿಸುತ್ತದೆ. ಆಫೀಸಿನಲ್ಲೂ ಅಷ್ಟೆ: ಒಂದು ಕಡೆ ಕೇಳಿ ಇನ್ನೊಂದು ಕಡೆ ಕೇಳದ ಕರೆ ಬಂದರೆ, ಫೈರ್‌ವಾಲಿನಲ್ಲಿ ದನಿ ಸಾಗುವ ಆರ್‌ಟಿಪಿ ಪೋರ್ಟು ಮುಚ್ಚಿದೆಯೇ ಎಂದು ಮೊದಲು ಇಣುಕುವವರು ಅವರೇ. ವಿದ್ಯೆಗೇನೂ ಕೊರತೆಯಿಲ್ಲ, ಅದಕ್ಕೆ ರಸೀದಿ ಇಲ್ಲ ಅಷ್ಟೆ. ಆಸ್ಟರಿಸ್ಕಿನಲ್ಲೂ ಸರ್ಟಿಫಿಕೇಷನ್ನಿಗೆ ದುಡ್ಡು ಕೇಳುತ್ತಾರೆಂದು ತಿಳಿದ ದಿನ ರಾಯರು ಊಟ ಸರಿಯಾಗಿ ಮಾಡಲಿಲ್ಲವಂತೆ.

ಮೊನ್ನೆ ಅವರ ಟೀಮಿನ ಧಾರವಾಡದ ಹುಡುಗಿ ಪೇಢೆಯ ಡಬ್ಬಿ ಹಿಡಿದು ಬಂದಳು. ಸಿಸಿಎನ್‌ಪಿ ಕೊಲಾಬರೇಷನ್ ಪಾಸಾಗಿತ್ತು. ರಾಯರು ಪೇಢೆ ಬಾಯಿಗಿಟ್ಟುಕೊಂಡು, ‘ಡಾಲರ್ ಎಷ್ಟಿದ್ದಾಗ ಕಟ್ಟಿದೆಯಮ್ಮಾ?’ ಎಂದರು.

‘ಎಷ್ಟಿತ್ತೋ ಏನೋ ಸರ್. ಪಾಸಾದ್ರ ಕಂಪನಿಯವ್ರು ಪೂರಾ ರೊಕ್ಕ ವಾಪಸ್ ಕೊಡ್ತಾರಲ್ರಿ. ಆ ರೂಲು ಮೊದಲಿಂದ್ಲೂ ಐತಂತ. ನಿಮಗ ಗೊತ್ತಿಲ್ಲೇನ್ರಿ?’

ರಾಯರು ಪೇಢೆ ಅಗಿಯುವುದನ್ನು ನಿಲ್ಲಿಸಿದರು. ಆಮೇಲೆ ನಿಧಾನವಾಗಿ ನುಂಗಿ, ದನಿ ತಗ್ಗಿಸಿ ಕೇಳಿದರು:

‘ಜಿಎಸ್‌ಟಿ ಸೇರಿಸೀನಾ?’